ನೂರಿಪ್ಪತ್ತರ ನೂರು

ದಿನ್ನೆಹಡ್ಲು ಎಂಬ ಹೆಸರಿಗೆ ಅರ್ಥವಿಲ್ಲ.
ದಿನ್ನೆಯಾದರೆ ಹಡ್ಲಲ್ಲ, ಹಡ್ಲಾದರೆ ದಿನ್ನೆಯಲ್ಲ.
ಪಾಲಿಬೆಟ್ಟದಿಂದ ಮೂರು ಮೈಲಿ,
ಆಚೆ ಆನೆ ಕಂದಕ, ಈಚೆ ರೊಬಸ್ಟಾ.
ಇಪ್ಪತ್ತೆಂಟು ವರ್ಷ ಅಲ್ಲಿ ರೈಟರಾಗಿದ್ದೆ.
ದಿನಕ್ಕೆ ಹತ್ತು ಸಲ ಆ ಹೆಸರು ಬರೆದೆ,
ಒಮ್ಮೆಯೂ ಏನೆಂದು ಕೇಳಲಿಲ್ಲ.

ಹಳೇ ಆಫೀಸಿನ ಹೆಂಚು ಇಳಿಸಿದ ದಿನ
ಅಟ್ಟದಿಂದ ಬಿತ್ತು ಒಂದು ಪುಸ್ತಕ,
ಸಾವಿರದೆಂಟುನೂರ ಎಂಬತ್ತನಾಲ್ಕರದು.
ಗೆದ್ದಲು ಅರ್ಧ ಓದಿ ಬಿಟ್ಟಿತ್ತು,
ಉಳಿದರ್ಧ ನನ್ನ ಪಾಲು.

ಅದರಲ್ಲಿ ಡನ್‌ಹ್ಯಾಡಲ್ ಎಂದಿದೆ.
ಸ್ಕಾಟ್ಲೆಂಡಿನ ಬಕನ್ ಸೀಮೆ, ಒಂದೇ ಬೀದಿಯ ಊರು,
ಗಾಳಿಗೆ ಹೆದರಿ ಕಡಲಿಗೆ ಪಕ್ಕೆ ತಿರುಗಿಸಿ ನಿಂತ ಮನೆಗಳು.
ಅಲ್ಲಿಂದ ಬಂದವನು ಆಂಡ್ರೂ ಕಾರ್ಡಿನರ್,
ನಮ್ಮವರ ಬಾಯಲ್ಲಿ ಕಾಡಿನ ದೊರೆ.
ಕಡಲಿನವನು ಕಾಡಿನವನಾಗಲು
ಒಂದು ದೀರ್ಘ ಸಾಕಾಯಿತು.

ಪುಟಗಳ ನಡುವೆ ಅವನ ತಾಯಿಯ ಕಾಗದ,
ಕೈಬರಹ ಪಾದ್ರಿಯದು, ಮಾತು ಅವಳದು:
"ಈ ಸಲ ಹೆರಿಂಗ್ ಮೀನು ಚೆನ್ನಾಗಿ ಬಿತ್ತು.
ಬೆರಳಿಗೆ ಬಟ್ಟೆ ಸುತ್ತಿದರೂ ಚೂರಿ ಬಿಡದು,
ಚೂರಿ ಬಿಟ್ಟರೆ ಉಪ್ಪು ಬಿಡದು.
ನಿನ್ನ ತಮ್ಮನ ದೋಣಿಗೆ ಸಾಹುಕಾರ
ಅದೇ ಹಳೇ ಲೆಕ್ಕ ಹಿಡಿದಿದ್ದಾನೆ,
ಆರು ಇಪ್ಪತ್ತು ಸೇರಿದರೆ ಒಂದು ನೂರು.
ನಿನ್ನಪ್ಪ ಇದ್ದಾಗ ಜಗಳವಾದರೂ ಆಡುತ್ತಿದ್ದ.
ತಂಗಿಯ ಮಗು ನಾಲ್ಕರವರೆಗೆ ಎಣಿಸುತ್ತದೆ,
ಈನ್, ಟ್ವಾ, ಥ್ರೀ, ಫವರ್.
ಅಲ್ಲಿ ಕಡಲು ಕಾಣುತ್ತದೆಯೇ?"

ಆರು ಇಪ್ಪತ್ತು. ಬೆರಳು ಮಡಿಚಿದೆ.
ಮತ್ತೆ ಲೆಕ್ಕದ ಪುಟಕ್ಕೆ ಬಂದೆ:
ಹಣ್ಣಿನ ಬುಟ್ಟಿ ನೂರಕ್ಕೆ ಇಷ್ಟು ಆಣೆ.
ಪ್ರತಿ ನೂರರ ಪಕ್ಕ ಆರು ಗೀಟು,
ಗೀಟಿಗೆ ಇಪ್ಪತ್ತು.

ತಾಯಿಯ ಮನೆಯ ಗಾಯವನ್ನು
ಜೋಪಾನವಾಗಿ ಕಟ್ಟಿ, ಹಡಗು ಹತ್ತಿಸಿ ತಂದು
ನಮ್ಮ ಕಣದಲ್ಲಿ ಬಿಚ್ಚಿದ್ದ.
ಕೋಪ ಬಂತು. ಆಮೇಲೆ
ನಾನೇ ಬರೆದ ಕೆಲವು ಲೆಕ್ಕಗಳು ನೆನಪಾಗಿ
ಬಂದ ಕೋಪಕ್ಕೆ ಕುರ್ಚಿ ಕೊಡಲಿಲ್ಲ.

ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಪುಟ್ಟ ಎಲೆ.
ಸಂಜೆಯ ಬೇಸರಕ್ಕೆ ಗೀಚಿದ್ದು ಎಂದುಕೊಂಡೆ.

ಲೈನ್ ಮನೆಯ ಚೋಮಿ ಈಗಲೂ
ಬುಟ್ಟಿ ಎಣಿಸುವುದು ಹೀಗೆ:
ಈನು, ಟ್ವಾಯಿ, ತ್ರೀಯಿ, ಪವರ.
ನಾಲ್ಕಾದ ಮೇಲೆ ಮತ್ತೆ ಈನು.
ಎರವರ ಮಾತೆಂದು ನಾನು,
ದೊರೆಗಳ ಇಂಗ್ಲಿಷೆಂದು ಅವಳು,
ಇಷ್ಟು ದಿನ ನಂಬಿ ನಡೆದಿತ್ತು.
ಎರಡೂ ಅಲ್ಲ, ಮೀನು ಹಿಡಿಯುವವರ ಮಾತು ಎಂದೆ.
"ಮೀನಾ?" ಎಂದಳು, ಹೊಳೆಮೀನು ಮಾತ್ರ ಕಂಡವಳು.

ಗುಟ್ಟು ಹೇಳುವವನಂತೆ ಬಗ್ಗಿ
ನೂರಿಪ್ಪತ್ತರ ಸಂಗತಿ ಹೇಳಿದೆ.
ಮೊಣಕೈಯ ಚಿಗಳಿ ಒರೆಸಿಕೊಳ್ಳುತ್ತ ನಕ್ಕಳು.

"ಅದು ಲೈನಿಗೆಲ್ಲ ಗೊತ್ತಿತ್ತಲ್ಲ ರೈಟರೇ.
ನಮ್ಮಜ್ಜಿಯ ಅಜ್ಜಿ ಬುಟ್ಟಿ ತಳಕ್ಕೆ ಎಲೆ ಹಾಕ್ತಿದ್ಲಂತೆ,
ಮೇಲೆ ಹಣ್ಣು.
ಐದು ಬುಟ್ಟಿ ಹಣ್ಣಲ್ಲಿ ಆರು ಬುಟ್ಟಿ."

ಶಾಲೆಯ ಮೆಟ್ಟಿಲು ತುಳಿಯದವರ ಲೆಕ್ಕ
ಚಿಲ್ಲರೆ ಕೂಡ ಉಳಿಯದಂತೆ ಸರಿಹೋಗಿತ್ತು.

ಮನೆಗೆ ಬಂದವನೇ ಪುಸ್ತಕ ತೆರೆದೆ.
ಎಲೆ ಬಿಡಿಸಿದಲ್ಲಿ ಕೂಲಿ ಮುರಿದಿದೆಯೇ,
ಬೆರಳಿಟ್ಟು ಸಾಲು ಸಾಲು ನೋಡಿದೆ.
ಒಂದು ಕಡೆಯೂ ಇಲ್ಲ.
ಗೆದ್ದಲು ತಿಂದ ಪುಟಗಳ ಮಾತು ನಾನರಿಯೆ.

ಕಾಗದಕ್ಕೆ ಅವನು ಉತ್ತರ ಬರೆದನೋ ಇಲ್ಲವೋ.
ದಿನ್ನೆಹಡ್ಲಿನಿಂದ ಕಡಲು ಕಾಣುವುದಿಲ್ಲ.
ತಡಿಯಂಡಮೋಳಿನ ತುದಿ ಹತ್ತಿದರೆ,
ಮೋಡವಿಲ್ಲದ ದಿನ, ಬೆಳ್ಳಿ ಗೆರೆಯಷ್ಟು ಕಾಣುತ್ತದಂತೆ.
ನಾನು ಹತ್ತಿದವನಲ್ಲ.

ದೀಪ ಹತ್ತಿರ ಎಳೆದು
ಎಲೆಗಳನ್ನು ಎಣಿಸತೊಡಗಿದೆ.
ನಾಲ್ಕಾದ ಮೇಲೆ ಮತ್ತೆ ಈನು.